ಮೊದಲ ಹೆರಿಗೆಯ ಫೈಲು

ವಿರೂಪಾಕ್ಷಿಪುರದ ಕಡೆಯ ಆ ಊರಿನಲ್ಲಿ ಸೊಸೆಯರ ಮುಟ್ಟಿನ ದಿನ ಗಂಡಂದಿರಿಗಿಂತ ಮೊದಲು ಅತ್ತೆಯರಿಗೆ ಗೊತ್ತಾಗುತ್ತದೆ. ಅದಕ್ಕೆ ರೇಷ್ಮೆ ಹುಳುವಿನ ಮನೆಯೇ ಕಾರಣ. ಹೊರಗಾದ ಹೆಂಗಸು ಹುಳುಮನೆಯ ಹೊಸಿಲು ದಾಟುವಂತಿಲ್ಲ. ದಾಟಿದರೆ ಹುಳು ಕೊಳೆತು ಹೋಗುತ್ತವೆ, ಗೂಡು ಕಟ್ಟುವುದಿಲ್ಲ ಅಂತ ನಂಬಿಕೆ. ಶಿವಲಿಂಗಮ್ಮ ಈ ನಂಬಿಕೆಯನ್ನು ಮೂವತ್ತು ವರ್ಷದಿಂದ ಕಾಯ್ದುಕೊಂಡು ಬಂದವಳು. ಸೊಸೆ ಲತಾಮಣಿ ಸೊಪ್ಪಿನ ಮಂಕರಿ ಕೆಳಗಿಟ್ಟು "ಅತ್ತೆ, ಇವತ್ತಿಂದ ನೀವೇ ಹಾಕ್ಬೇಕು" ಅಂದ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದಳು. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನಕ್ಕೂ, ಹಸುವಿಗೆ ಗಬ್ಬ ಕಟ್ಟಿಸಿದ ದಿನಕ್ಕೂ ಅದೇ ಕ್ಯಾಲೆಂಡರು.

ಗೌರಿ ಹಬ್ಬದ ಮಾರನೇ ದಿನದ ಚುಕ್ಕಿಯೇ ಕೊನೆ. ಆಮೇಲೆ ಏಳು ವಾರವಾದರೂ ಲತಾಮಣಿ ಮಂಕರಿ ಕೆಳಗಿಡಲಿಲ್ಲ. ಶಿವಲಿಂಗಮ್ಮ ಬಾಯಿಬಿಟ್ಟು ಏನೂ ಕೇಳಲಿಲ್ಲ. ಸೊಸೆಯ ಮುದ್ದೆಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದಳು, ಹಿತ್ತಿಲಲ್ಲಿ ಹಣ್ಣಾಗಿದ್ದ ಪರಂಗಿಯನ್ನು ಪಕ್ಕದ ಮನೆಗೆ ಕೊಟ್ಟು ಕಳಿಸಿದಳು. ಮೊಮ್ಮಗಳು ಮಾನ್ವಿಗೆ ಮೂರು ತುಂಬಿತ್ತು. ಇನ್ನೊಂದು ಆಗಬೇಕಾದ ಕಾಲವೇ.

ಹೀಗಿರುವಾಗ ಒಂದು ಬೆಳಿಗ್ಗೆ ಹಂಡೆ ಒಲೆಯ ಬೂದಿ ಬಾಚಲು ಹೋದವಳಿಗೆ ಅರ್ಧ ಸುಟ್ಟ ಪ್ಯಾಡು ಸಿಕ್ಕಿತು. ಕೋಲಿನಲ್ಲಿ ಕೆದಕಿದರೆ ಅದರ ಕೆಳಗೆ ಇನ್ನೊಂದು.

"ಲತಾ, ಬಾ ಇಲ್ಲಿ. ಇದೇನಮ್ಮಿ?"

ಲತಾಮಣಿ ಹುಳುಮನೆಯಿಂದ ಬಂದವಳು ಬಚ್ಚಲ ಬಾಗಿಲಲ್ಲೇ ನಿಂತಳು.

"ಯಾವತ್ತಿಂದ?"

"ಇವತ್ತೇ ಅತ್ತೆ. ಬೆಳಿಗ್ಗೆ."

"ಒಂದು ಬೆಳಿಗ್ಗೇಲಿ ಎರಡು ಸುಟ್ಬುಟ್ಯಾ? ಇಲ್ಲಾ ಒಂದು ನಂದಾ?"

ನಿಜ ಹೇಳಬೇಕೆಂದರೆ ಅಂದಿಗೆ ಒಂಬತ್ತನೇ ದಿನ. ಹುಳು ಮೂರನೇ ಜ್ವರ ಎದ್ದ ದಿನ ಲತಾಮಣಿಗೆ ಮೊದಲ ಸಲ ಒಂದು ಹನಿ ಕಂಡಿತ್ತು. ಹುಳು ಮೇಯುವುದು ಬಿಟ್ಟು ಪೊರೆ ಬಿಡಲು ಕೂರುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಹೊಟ್ಟೆಬಾಕತನ ಬರುತ್ತದೆ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ಹೊತ್ತಿನಲ್ಲಿ ತಾನು ಹೊರಗೆ ಕೂತರೆ ಅತ್ತೆ ಒಬ್ಬಳೇ ಸಾಯಬೇಕು. ಅದು ಒಂದು ಕಾರಣ. ಇನ್ನೊಂದು, ಹೇಳಿದರೆ ಮಗು ಹೋಯಿತು ಎಂದು ತಾನೇ ಒಪ್ಪಿಕೊಂಡಂತೆ ಆಗುತ್ತದೆ ಎಂಬ ಭಯ. ನೋವಿಲ್ಲ, ಬರೀ ಒಂದೆರಡು ಹನಿ, ನಾಳೆ ನಿಂತೀತು ಎಂದು ಒಂಬತ್ತು ದಿನ ಕಳೆದಿದ್ದಳು.

ಇದನ್ನೆಲ್ಲ ಕೇಳುವ ವ್ಯವಧಾನ ಶಿವಲಿಂಗಮ್ಮನಿಗಿರಲಿಲ್ಲ. ಮುಟ್ಟು ಮುಚ್ಚಿಟ್ಟವಳು ಬೇರೆ ಏನೇನು ಮುಚ್ಚಿಟ್ಟಿದ್ದಾಳೋ! ಹೋದ ತಿಂಗಳು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ದಿವ್ಯ ಎಂಬ ಗೆಳತಿ ಸೊಸೆಗೆ ಮೂರು ಸಲ ಫೋನ್ ಮಾಡಿದ್ದು ಅವಳಿಗೆ ನೆನಪಾಯಿತು. ಕೆಲಸ ಖಾಲಿ ಇದೆ, ಬಂದು ಸೇರಿಕೋ ಎಂದು ದಿವ್ಯ ಹೇಳಿದ್ದನ್ನು ಲತಾಮಣಿಯೇ ಊಟಕ್ಕೆ ಕೂತಾಗ ಹೇಳಿದ್ದಳು.

"ಕೆಂಪ್ರಾಜಾ," ಎಂದು ಮಗನನ್ನು ಕರೆದಳು. "ನಿನ್ನೆಡ್ತಿ ಮಾತ್ರೆ ನುಂಗವ್ಳೆ ಕಣ್ಲಾ. ಕಂಪನಿ ಸೇರಾಕೆ ಹೊಟ್ಟೆ ಅಡ್ಡ ಬಂದೈತೆ."

ಕೆಂಪರಾಜು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಗಂಡ. "ಸುಮ್ಕಿರವ್ವ, ಡಾಕ್ಟ್ರಿಗೆ ತೋರ್ಸಾನ" ಎಂದು ಬೈಕ್ ತೆಗೆದ. ಆದರೆ ಬೈಕ್ ಹತ್ತುವ ಮುಂಚೆ ಹೆಂಡತಿಯ ಫೋನ್ ಇಸಿದುಕೊಂಡು ಯಾರು ಯಾರಿಗೆ ಮಾತಾಡಿದ್ದಾಳೆಂದು ನೋಡಿದ. ಲತಾಮಣಿ ಅದನ್ನು ನೋಡಿದಳು.

ಚನ್ನಪಟ್ಟಣದ ಕ್ಲಿನಿಕ್ಕಿಗೆ ಶಿವಲಿಂಗಮ್ಮ ಬಸ್ಸಿನಲ್ಲಿ ಅವರಿಗಿಂತ ಮೊದಲೇ ಬಂದು ಕೂತಿದ್ದಳು. ಡಾಕ್ಟರು ಹೊಟ್ಟೆಯ ಮೇಲೆ ಸ್ಕ್ಯಾನ್ ಆಡಿಸುತ್ತ ಕೇಳಿದರು: "ಬ್ಲೀಡಿಂಗ್ ಎಷ್ಟು ದಿನದಿಂದ?"

ಅತ್ತೆ ಪಕ್ಕದಲ್ಲೇ ನಿಂತಿದ್ದಳು. "ಎರಡು ದಿನ ಸಾರ್" ಅಂದಳು ಲತಾಮಣಿ.

"ಗರ್ಭದ ಚೀಲ ಕೆಳಗೆ ಬಂದುಬಿಟ್ಟಿದೆಯಮ್ಮ. ಅಬಾರ್ಷನ್ ಆಗ್ತಿದೆ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ, ಕ್ಲೀನ್ ಮಾಡಿಬಿಡೋಣ."

"ಮಾತ್ರೆ ತಕಂಡ್ರೆ ಹಿಂಗೇ ಅಲ್ವಾ ಸಾರ್ ಆಗಾದು?" ಶಿವಲಿಂಗಮ್ಮ ಕೇಳಿದಳು.

ಡಾಕ್ಟರು ಕೈ ತೊಳೆಯುತ್ತ, "ಹಾಗೂ ಆಗಬಹುದು" ಅಂದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅವರಿಗೆ ಅದು ಒಂದು ಮಾತು, ಅಷ್ಟೇ. ಈ ಮನೆಗೆ ಅದೇ ತೀರ್ಪಾಯಿತು.

ಸಂಜೆ ಮುದ್ದೆ ತಟ್ಟೆಗೆ ಬಿದ್ದದ್ದೇ ಜಗಳ ಶುರುವಾಯಿತು. ಮಾವ ಮುನಿಯಪ್ಪ ಬಾಯಿಗೆ ತುತ್ತು ಇಡಲಿಕ್ಕೂ ಆಗದೆ ಒಬ್ಬೊಬ್ಬರ ಮುಖ ನೋಡುತ್ತ ಕೂತ.

"ಡಾಕ್ಟ್ರೇ ಹೇಳ್ಬುಟ್ರಲ್ಲ. ಇನ್ನೇನ್ ಸಾಕ್ಷಿ ಬೇಕು?"

"ಆಗಬಹುದು ಅಂದ್ರು ಅತ್ತೆ, ಆಗೈತೆ ಅಂದ್ರಾ?"

"ಅಂಗಾರೆ ಮುಚ್ಚಿಟ್ಟಿದ್ಯಾಕೆ? ಮುಟ್ಟಾಗಿ ಹುಳುಮನೆಗೆ ಬಂದ್ಯಲ್ಲ, ನಿಂಗೆ ದೇವ್ರ ಭಯ ಇಲ್ವಾ?"

"ನಾನು ಬರ್ದಿದ್ರೆ ನಾಕು ಅಂಕಣದ ಹುಳುಗೆ ಸೊಪ್ಪು ನೀವೊಬ್ರೇ ಹಾಕ್ತಿದ್ರಾ?"

"ಬುಡಮ್ಮಿ, ನನ್ ಮೇಲೆ ಮರುಕ ಬೇರೆ!"

ಕೆಂಪರಾಜು ತಟ್ಟೆ ಸರಿಸಿ ಕೇಳಿದ: "ಲತಾ, ಒಂದ್ಸಲ ನಿಜ ಹೇಳ್ಬುಡು. ತಕಂಡ್ಯಾ?"

ಅತ್ತೆ ಕೇಳಿದ್ದು ಲತಾಮಣಿಗೆ ಸಿಟ್ಟು ತರಿಸಿತ್ತು. ಗಂಡ ಕೇಳಿದ್ದು ಅಳು ತರಿಸಿತು. ಎರಡು ಗೆರೆ ಬಂದ ಪರೀಕ್ಷೆಯ ಕಡ್ಡಿಯನ್ನು ಅವಳು ಮೊದಲು ತೋರಿಸಿದ್ದು ಇವನಿಗೇ, ಅವತ್ತು ಇವನು ಚನ್ನಪಟ್ಟಣಕ್ಕೆ ಓಡಿಹೋಗಿ ಕಾಲು ಕೇಜಿ ಮೈಸೂರುಪಾಕು ತಂದಿದ್ದ. ಅವಳು ಕಣ್ಣು ಒರೆಸಿಕೊಂಡು ಹೇಳಿದಳು:

"ನಾಳೆ ನಾನು ಕ್ಲೀನ್ ಮಾಡಿಸ್ಕಳಾಕಿಲ್ಲ. ರಾಮನಗರದ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ. ಇನ್ನೊಂದ್ಸಲ ಸ್ಕ್ಯಾನ್ ಆಗ್ಲಿ. ಮಾತ್ರೆ ತಕಂಡಿದ್ರೆ ಅಲ್ಲಿ ಗೊತ್ತಾಯ್ತದೆ. ಆಮೇಲೆ ಏನ್ ಬೇಕಾದ್ರೂ ಮಾಡಿ."

"ನಾನೂ ಬತ್ತೀನಿ," ಅಂದಳು ಶಿವಲಿಂಗಮ್ಮ. "ಏನ್ ಹೇಳ್ತಾರೋ ನನ್ನ ಕಿವೀಲೇ ಕೇಳ್ಬೇಕು."

ಸೊಸೆಯ ಕಳ್ಳತನ ಹಿಡಿಯಬೇಕೆಂದು ಒಬ್ಬಳು, ತಾನು ಕಳ್ಳಿಯಲ್ಲವೆಂದು ತೋರಿಸಬೇಕೆಂದು ಇನ್ನೊಬ್ಬಳು, ಹೀಗೆ ಇಬ್ಬರೂ ಮೂತಿ ತಿರುಗಿಸಿಕೊಂಡು ಕೆಂಪರಾಜುವಿನ ಜೊತೆ ರಾಮನಗರದ ಬಸ್ಸು ಹತ್ತಿದರು. ಆ ಹಟವೇ ಲತಾಮಣಿಯನ್ನು ಉಳಿಸಿತು ಎಂಬುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ರಾಮನಗರದ ಆಸ್ಪತ್ರೆಯಲ್ಲಿ ಖುರ್ಷಿದಾ ಎಂಬ ನರ್ಸು ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. "ಪೇಷಂಟ್ ಒಬ್ರೇ ಒಳಗೆ. ಅತ್ತೆ ಆಚೆ."

"ನಾನು ದೊಡ್ಡೋಳು ಕಣವ್ವ, ಮನೇವ್ಳು."

"ಅದಕ್ಕೇ ಆಚೆ."

ಬಾಗಿಲು ಹಾಕಿದ ಮೇಲೆ ಲೇಡಿ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಲತಾಮಣಿ ಬಾಗಿಲನ್ನೊಮ್ಮೆ ನೋಡಿ, "ಹತ್ತು ದಿನ ಮೇಡಂ. ಮನೇಲಿ ಎರಡು ಅಂದಿದ್ದೆ. ಮಾತ್ರೆ ಏನೂ ತಕಂಡಿಲ್ಲ" ಅಂದಳು. ಡಾಕ್ಟರು ಈ ಸಲ ಒಳಗಿನಿಂದ ಸ್ಕ್ಯಾನ್ ಮಾಡಿದರು. ತುಂಬ ಹೊತ್ತು ನೋಡಿದರು, ತಿರುಗಿಸಿ ತಿರುಗಿಸಿ ಅಳತೆ ತೆಗೆದರು, ಇನ್ನೊಬ್ಬ ಡಾಕ್ಟರನ್ನು ಕರೆಸಿ ತೋರಿಸಿದರು. ಪರದೆಯ ಮೇಲೆ ಒಂದು ಕಾಳಿನಷ್ಟು ಜಾಗದಲ್ಲಿ ಏನೋ ಮಿಣಮಿಣ ಅನ್ನುತ್ತಿತ್ತು.

"ಅದೇನು ಮೇಡಂ?"

"ಹಾರ್ಟು" ಅಂದರು ಡಾಕ್ಟರು.

ಆಮೇಲೆ ಮೂವರನ್ನೂ ಕೂರಿಸಿಕೊಂಡು, ಒಂದು ಹಾಳೆಯಲ್ಲಿ ಗರ್ಭಕೋಶದ ಚಿತ್ರ ಬರೆದು ಹೇಳಿದರು. "ಇದು ಮಾತ್ರೆಯಿಂದ ಆದದ್ದಲ್ಲ. ಅಬಾರ್ಷನ್ನೂ ಅಲ್ಲ. ಗರ್ಭ ಇಲ್ಲಿ, ಮೇಲುಗಡೆ ಕೂರಬೇಕು. ಇವರದು ಹೋದ ಸಲ ಸಿಸೇರಿಯನ್ ಮಾಡಿ ಹೊಲೆದ ಗಾಯ ಇದೆಯಲ್ಲ, ಅದರೊಳಗೆ ಕೂತಿದೆ. ಅಲ್ಲಿ ಗೋಡೆ ತುಂಬ ತೆಳ್ಳಗಾಗಿದೆ. ಈ ಕಡೆ ಮೂತ್ರಕೋಶ. ನಡುವೆ ಉಳಿದಿರೋದು ಎರಡು ಮಿಲಿಮೀಟರ್."

"ಬೆಳೀತಾ ಬೆಳೀತಾ ಮೇಲಕ್ಕೆ ಬರಾಕಿಲ್ವಾ ಮೇಡಂ?" ಶಿವಲಿಂಗಮ್ಮ ಕೇಳಿದಳು.

"ಇಷ್ಟು ತೆಳ್ಳಗಿರುವಾಗ ಆ ಆಸೆ ಇಟ್ಟುಕೊಳ್ಳಬಾರದು ಅಮ್ಮ. ಬೆಳೆದರೆ ಗಾಯ ಒಡೆಯಬಹುದು. ಒಡೆದರೆ ಗರ್ಭಕೋಶ ತೆಗೀಬೇಕಾಗಬಹುದು, ಜೀವಕ್ಕೇ ಅಪಾಯ. ಇವತ್ತು ಸುಮ್ಮನೆ ಕೆರೆದು ಕ್ಲೀನ್ ಮಾಡಿದ್ದರೆ ರಕ್ತ ನಿಲ್ಲಿಸೋದೇ ಕಷ್ಟ ಆಗ್ತಿತ್ತು. ಇವರು ಬೇಡ ಅಂದಿದ್ದು ಒಳ್ಳೇದಾಯ್ತು. ಈಗಲೇ ಅಡ್ಮಿಟ್ ಆಗಲಿ. ಸ್ಕ್ಯಾನ್ ನೋಡಿಕೊಂಡು ಆ ಚೀಲಕ್ಕೇ ಸೂಜಿಯಲ್ಲಿ ಔಷಧಿ ಕೊಡ್ತೀವಿ. ಬೆಳೆಯೋದು ನಿಲ್ಲುತ್ತೆ, ನಿಧಾನಕ್ಕೆ ಕರಗುತ್ತೆ. ಆಗಲಿಲ್ಲ ಅಂದರೆ ಆಪರೇಷನ್."

ನಂತರ ಇನ್ನೊಂದು ಮಾತು ಹೇಳಿದರು. "ಮೊದಲ ಹೆರಿಗೆಯ ಫೈಲು ಬೇಕು. ಹೇಗೆ ಕೊಯ್ದರು, ಹೇಗೆ ಹೊಲೆದರು ನೋಡಬೇಕು."

"ಫೈಲು ಇಲ್ಲ ಮೇಡಂ, ಮನೆಗೆ ಬಣ್ಣ ಹೊಡ್ಸುವಾಗ ಕಳ್ದೋಯ್ತು," ಅಂದ ಕೆಂಪರಾಜು.

"ಇಲಿ ತಿಂದಾಕ್ಬುಟ್ವು," ಅಂದಳು ಶಿವಲಿಂಗಮ್ಮ.

ಇಬ್ಬರೂ ಒಂದೇ ಉಸಿರಿಗೆ ಹೇಳಿದ್ದರು. ಲತಾಮಣಿ ಒಮ್ಮೆ ಗಂಡನ ಕಡೆ, ಒಮ್ಮೆ ಅತ್ತೆಯ ಕಡೆ ನೋಡಿದಳು. ಮನೆಗೆ ಬಣ್ಣ ಹೊಡೆಸಿ ಆರು ವರ್ಷವಾಗಿತ್ತು, ಅದೂ ಅವಳ ಮದುವೆಗೆ.

ಹೊರಗೆ ವರಾಂಡದಲ್ಲಿ ಶಿವಲಿಂಗಮ್ಮ ಮಗನನ್ನು ಕಂಬದ ಮರೆಗೆ ಎಳೆದಳು. "ಬಾಗ್ಲು ಹಾಕ್ಕಂಡು ಅರ್ಧ ಗಂಟೆ ಅದೇನ್ಲಾ ಮಾತಾಡಿದ್ದು? ಇವ್ಳು ಮೊದ್ಲೇ ಹೇಳ್ಕೊಟ್ಟವ್ಳೆ. ಎದೆ ಬಡೀತಾ ಐತಂತೆ ಕಣ್ಲಾ. ಎದೆ ಬಡಿಯೋ ಮಗೀನ ಯಾರಾದ್ರೂ ತೆಗೀತಾರಾ?"

"ಫೋನಲ್ಲಿ ನೋಡ್ದೆ ಕಣವ್ವ. ಆ ಔಷಧಿ ಕ್ಯಾನ್ಸರ್‌ಗೆ ಕೊಡಾದಂತೆ."

"ಅಯ್ಯೋ ಶಿವ್ನೇ! ನಡಿ, ಬೇರೆ ಕಡೆ ತೋರ್ಸಾನ."

ಅಷ್ಟರಲ್ಲಿ ಖುರ್ಷಿದಾ ಕಾಗದ ತಂದಳು. ಮಾತು ಅವಳ ಕಿವಿಗೂ ಬಿದ್ದಿತ್ತು. "ಬೇರೆ ಕಾಯಿಲೆಗೆ ಕೊಡೋ ಔಷಧಿ ಇದಕ್ಕೂ ಕೊಡ್ತಾರೆ ಅಣ್ಣ. ಸೈನ್ ಅವರೇ ಹಾಕ್ತಾರೆ, ಅವರದೇ ಸಾಕು" ಎಂದು ಸೀದಾ ಹಾಸಿಗೆಯ ಹತ್ತಿರ ಹೋದಳು.

ಲತಾಮಣಿ ಪೆನ್ನು ಹಿಡಿದುಕೊಂಡು ತುಂಬ ಹೊತ್ತು ಕೂತಳು. ಆ ಮಿಣಮಿಣ ಅವಳ ಕಣ್ಣಿನಿಂದ ಹೋಗಿರಲಿಲ್ಲ. ಮಾತ್ರೆ ನುಂಗಿದವಳೆಂದು ಅನ್ನಿಸಿಕೊಂಡವಳು ಈಗ ತನ್ನ ಕೈಯಾರೆ ಅದಕ್ಕೇ ಸಹಿ ಹಾಕಬೇಕಿತ್ತು. ಈ ದುಃಖವನ್ನು ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿ ಮಾನ್ವಿ ಯಾರ ತೊಡೆಯ ಮೇಲೆ ಊಟ ಮಾಡುತ್ತಿದ್ದಾಳೋ ಅನ್ನಿಸಿತು. ಸಹಿ ಹಾಕಿದಳು. ಹಾಕಿ, ಖುರ್ಷಿದಾಳ ಫೋನಿನಿಂದ ಮಾವನಿಗೆ ಕರೆ ಮಾಡಿದಳು.

"ಮಾವ, ಬೀರುವಿನ ಮೇಲಿನ ಖಾನೇಲಿ ಮಾನ್ವಿ ಹುಟ್ಟಿದಾಗಿನ ಕಾಗ್ದ ಏನಾದ್ರೂ ಐತಾ ನೋಡ್ತೀರಾ?"

ಮುನಿಯಪ್ಪನಿಗೆ ಓದು ಬಾರದು. ಯಾವ ಕಾಗದ ಬೇಕೋ ಯಾವುದು ಬೇಡವೋ ಎಂದು ಬೀರುವಿನಲ್ಲಿದ್ದುದನ್ನೆಲ್ಲ ಒಂದು ಗೊಬ್ಬರದ ಚೀಲಕ್ಕೆ ತುಂಬಿಕೊಂಡು ಮಾರನೇ ಬೆಳಿಗ್ಗೆಯ ಬಸ್ಸಿಗೇ ಬಂದ. ಪಹಣಿ, ಕರೆಂಟ್ ಬಿಲ್ಲು, ಮದುವೆಯ ಕರೆಯೋಲೆ, ಇವುಗಳ ನಡುವೆ ನೀಲಿ ಬಣ್ಣದ ಒಂದು ಫೈಲು ಅಚ್ಚುಕಟ್ಟಾಗಿತ್ತು. ಇಲಿ ಮೂಸಿಯೂ ನೋಡಿರಲಿಲ್ಲ.

"ಕಳ್ದೋಗಿತ್ತು ಅಂದ್ರಂತಲ್ಲ? ಕಣ್ಮುಂದೇ ಇತ್ತು ಕಣ್ಲಾ ಕೆಂಪ್ರಾಜ," ಅಂದ ಮುನಿಯಪ್ಪ. ಅವನಿಗೆ ಏನೂ ಗೊತ್ತಿರಲಿಲ್ಲ ಪಾಪ.

ಡಾಕ್ಟರು ಹಾಸಿಗೆಯ ಪಕ್ಕದಲ್ಲೇ ನಿಂತು ಹಾಳೆ ತಿರುವಿದರು. "ಮೊದಲ ಹೆರಿಗೆ ಯಾಕೆ ಸಿಸೇರಿಯನ್ ಆಯ್ತು ಲತಾಮಣಿ?"

"ಮಗು ಹೊಟ್ಟೆಯೊಳಗೇ ಕಕ್ಕ ಮಾಡ್ಕಂಡಿತ್ತು ಮೇಡಂ. ಇನ್ನರ್ಧ ಗಂಟೆ ತಡ ಆಗಿದ್ರೆ ಉಳೀತಿರ್ಲಿಲ್ಲ."

"ಇಲ್ಲಿ ಹಾಗಿಲ್ಲವಲ್ಲ. ನೋವು ಶುರುವಾಗಿರಲಿಲ್ಲ, ನೀರು ತಿಳಿಯಾಗಿತ್ತು, ಮಗು ಚೆನ್ನಾಗಿತ್ತು ಅಂತ ಇದೆ. ಕಾರಣ ಅನ್ನೋ ಕಡೆ 'ಮನೆಯವರ ಕೋರಿಕೆ' ಅಂತ ಬರೆದಿದ್ದಾರೆ. ಕೆಳಗೆ ನಿಮ್ಮ ಯಜಮಾನರ ಸಹಿ ಇದೆ."

ತಾನು ಕಳ್ಳ, ಪರರ ನಂಬ ಎಂಬ ಗಾದೆ ಇರುವುದು ಸುಮ್ಮನೆ ಅಲ್ಲ. ಹತ್ತು ದಿನದ ಒಂದು ಸುಳ್ಳಿಗೆ ಸೊಸೆಯ ಮಾನ ಹರಾಜು ಹಾಕಿದ್ದ ಶಿವಲಿಂಗಮ್ಮ ಈಗ ಸೆರಗಿನ ತುದಿ ಸುತ್ತುತ್ತಿದ್ದಳು. ಕೆಂಪರಾಜು ತನ್ನ ಚಪ್ಪಲಿ ನೋಡುತ್ತಿದ್ದ.

"ಏನ್ ಕೋರಿಕೆ ಅತ್ತೆ?" ಲತಾಮಣಿ ಕೇಳಿದಳು.

"ಇನ್ನೆರಡು ದಿನ ಬುಟ್ಟಿದ್ರೆ ಮೂಲಾ ನಕ್ಷತ್ರ ಬಂದ್ಬುಡ್ತಿತ್ತು. ಮೂಲಾದಲ್ಲಿ ಮಗ ಹುಟ್ಟಿದ್ರೆ ತಂದೆಗೆ ಕಂಟಕ ಅಂತ ಅಯ್ನೋರು ಅಂದ್ರು. ನಂಗಿರೋನು ಒಬ್ನೇ ಮಗ ಕಣಮ್ಮಿ. ಅದಕ್ಕೆ ಮುಂಚೆ ತೆಗ್ಸುಬುಡಿ ಅಂದೆ."

"ಕಕ್ಕ ಮಾಡ್ಕಂಡೈತೆ ಅಂತ ನನ್ ಕೈ ಹಿಡ್ಕಂಡು ಅಳ್ತಾ ಹೇಳಿದ್ದು ನೀವೇ ಅಲ್ವಾ?"

"ಇಲ್ದಿದ್ರೆ ನೀನು ಒಪ್ತಿದ್ಯಾ?"

"ಮೂರು ವರ್ಸದಿಂದ ಬಂದೋರ್ ಮುಂದೆಲ್ಲ ಹೇಳಿದ್ರಲ್ಲ ಅತ್ತೆ, ನಾವು ರಾಗಿ ಹೊಲದಲ್ಲಿ ಕಳೆ ಕೀಳ್ತಾ ಹೆತ್ತೋರು, ನಮ್ ಸೊಸೆಗೆ ಹೆರೋ ತಾಕತ್ತಿಲ್ಲ ಅಂತ. ನಾನೂ ಅಂಗೇ ಅಂದ್ಕಂಡಿದ್ದೆ. ನನ್ ಮೈಯೇ ಸರಿಯಿಲ್ಲ ಅಂದ್ಕಂಡಿದ್ದೆ." ಅವಳು ಗಂಡನ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಲ್ಲ?"

ಮಾತಾಡಿದ್ದು ಮುನಿಯಪ್ಪ. "ಥೂ ನಿನ್ನ," ಎಂದು ಮಗನಿಗೆ ಹೇಳಿದವನು ಗೊಬ್ಬರದ ಚೀಲ ಅಲ್ಲೇ ಬಿಟ್ಟು ಆಚೆ ಹೋಗಿ ನಿಂತ.

ಡಾಕ್ಟರು ಫೈಲು ಮುಚ್ಚಿದರು. "ಸಿಸೇರಿಯನ್ ಆದವರಿಗೆಲ್ಲ ಹೀಗಾಗಲ್ಲ. ಸಾವಿರದಲ್ಲಿ ಒಬ್ಬರಿಗೂ ಆಗಲ್ಲ. ಬೇಕಾದಾಗ ಮಾಡಲೇಬೇಕು, ಅದು ಜೀವ ಉಳಿಸುತ್ತೆ. ಆದರೆ ಗಾಯ ಇರದಿದ್ದರೆ ಇದು ಹೋಗಿ ಕೂರೋಕೆ ಅಲ್ಲಿ ಜಾಗವೇ ಇರ್ತಿರಲಿಲ್ಲ." ಅಷ್ಟು ಹೇಳಿ ಸೂಜಿಗೆ ಸಿದ್ಧ ಮಾಡಲು ಹೋದರು.

ಎಂಟು ದಿನದ ಮೇಲೆ ಲತಾಮಣಿ ಮನೆಗೆ ಬಂದಳು. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿ ಹತ್ತಿ, ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೂ ಹೋಗಿ ಆಗಿತ್ತು. ಒಂದು ಹುಳುವೂ ಕೊಳೆತಿರಲಿಲ್ಲ. "ಅಲ್ಲ ಕಣಮ್ಮಿ," ಎಂದು ಮುನಿಯಪ್ಪ ಹೆಂಡತಿಯನ್ನು ಎಲ್ಲರ ಮುಂದೆ ಕೇಳಿದ, "ಒಂಬತ್ತು ದಿನ ಮುಟ್ಟಲ್ಲೇ ಮೇಯ್ಸವ್ಳೆ, ಗೂಡು ಕಲ್ಲುಗುಂಡು ಬಂದಂಗೆ ಬಂದವಲ್ಲ?" ಶಿವಲಿಂಗಮ್ಮ ಕೇಳಿಸದವಳಂತೆ ಹಸುವಿಗೆ ಬೂಸಾ ಇಡಲು ಹೋದಳು.

ಈಗ ಅನುಮಾನದ ಸರದಿ ಸೊಸೆಯದು. ಔಷಧಿ ಮೈಯಲ್ಲಿರುವಷ್ಟು ದಿನ ಸೊಪ್ಪು ತಿನ್ನಬಾರದು, ಬಸುರಿಯರ ಮಾತ್ರೆ ನುಂಗಬಾರದು, ಅವು ಔಷಧಿಯ ಕೆಲಸ ಕೆಡಿಸುತ್ತವೆ ಎಂದು ಡಾಕ್ಟರು ಹೇಳಿದ್ದರು. ಸೊಪ್ಪಿನ ಸಾರಿಲ್ಲದೆ ಮುದ್ದೆ ಇಳಿಯದ ಮನೆ ಅದು. ಲತಾಮಣಿ ಪ್ರತಿ ಊಟಕ್ಕೂ ಪಾತ್ರೆಯ ಮುಚ್ಚಳ ತೆಗೆದು, ಸೌಟಿನಲ್ಲಿ ತಿರುವಿ ನೋಡಿಯೇ ಬಡಿಸಿಕೊಳ್ಳುತ್ತಿದ್ದಳು.

"ಇದ್ರಲ್ಲಿ ಹಸ್ರು ಐತೆ."

"ಒಸಿ ಕೊತ್ತಂಬ್ರಿ ಕಣಮ್ಮಿ."

"ಕೊತ್ತಂಬ್ರಿ ಸೊಪ್ಪಲ್ವಾ?"

"ನಾನೇನ್ ವಿಸ ಹಾಕ್ತೀನಾ?"

"ನಂಗೇನ್ ಗೊತ್ತು ಅತ್ತೆ? ನೀವು ಏನ್ ಮಾಡಿದ್ರೂ ಮೂರು ವರ್ಸ ಆದ್ಮೇಲೆ ಗೊತ್ತಾಯ್ತದೆ."

ಶಿವಲಿಂಗಮ್ಮ ಆ ಪಾತ್ರೆ ಎತ್ತಿಟ್ಟು ಬೇರೆ ಒಲೆಯಲ್ಲಿ ಟೊಮೆಟೊ ಸಾರು ಮಾಡಿದಳು. ಮಾರನೇ ದಿನವೂ ಮಾಡಿದಳು. ಬೈದುಕೊಂಡೇ ಮಾಡಿದಳು ಅನ್ನಿ, ಆದರೆ ಸೌಟು ಬೇರೆ, ಪಾತ್ರೆ ಬೇರೆ ಇಟ್ಟಳು.

ಪ್ರತಿ ಮಂಗಳವಾರ ರಕ್ತ ಪರೀಕ್ಷೆ. ಗರ್ಭದ ಅಂಶ ರಕ್ತದಲ್ಲಿ ಇಳಿಯುತ್ತಿದೆಯೋ ಇಲ್ಲವೋ ನೋಡುವುದಕ್ಕೆ. ಮೊದಲ ಪರೀಕ್ಷೆಯಲ್ಲಿ ಇಳಿಯುವ ಬದಲು ಏರಿತು. "ಏರೈತೆ ಅಂದ್ರೆ ಮಗ ಬದ್ಕೈತೆ" ಎಂದು ಶಿವಲಿಂಗಮ್ಮ ಎದೆಗೆ ಕೈಯಿಟ್ಟುಕೊಂಡಳು. ಮೊದಮೊದಲು ಹಾಗೆ ಏರುವುದುಂಟು, ಸ್ಕ್ಯಾನಿನಲ್ಲಿ ಎದೆಬಡಿತ ನಿಂತಿದೆ ಎಂದು ಖುರ್ಷಿದಾ ಹೇಳಿದಾಗ ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಲತಾಮಣಿಯೂ ಅತ್ತಳು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿದ್ದರು. ಹತ್ತಿರ ಸರಿಯಲಿಲ್ಲ. ಆಮೇಲಿನ ವಾರಗಳಲ್ಲಿ ಅಂಕಿ ಅರ್ಧಕ್ಕೆ ಇಳಿಯಿತು, ಮತ್ತೆ ಅರ್ಧಕ್ಕೆ ಇಳಿಯಿತು. ಒಂದು ಮಧ್ಯಾಹ್ನ ರಕ್ತ ಜೋರಾಗಿ ಹೋಗಿ ಕೆಂಪರಾಜು ಬಾಡಿಗೆ ಕಾರನ್ನು ತಾನೇ ಓಡಿಸಿಕೊಂಡು ಅವಳನ್ನು ಆಸ್ಪತ್ರೆಗೆ ತಂದ, ಎರಡು ದಿನ ಮತ್ತೆ ಅಡ್ಮಿಟ್. ಅವತ್ತು ಅವನು ಕಾರಿನಲ್ಲಿ, "ಲತಾ, ತಪ್ಪಾಯ್ತು ಕಣೇ" ಅಂದ. ಅವಳು, "ರಸ್ತೆ ನೋಡಿ" ಅಂದಳು.

ಎಂಟನೇ ಮಂಗಳವಾರ ಅಂಕಿ ಸೊನ್ನೆಗೆ ಬಂತು. ಗರ್ಭಕೋಶ ಉಳಿದಿತ್ತು. ಲತಾಮಣಿ ಉಳಿದಿದ್ದಳು. ಡಾಕ್ಟರು ನಗುತ್ತ ಕಾಗದ ಕೊಟ್ಟರು.

ಶಿವಲಿಂಗಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು: "ಇನ್ ಯಾವಾಗ ಮೇಡಂ, ಇನ್ನೊಂದು?"

"ಕಡಿಮೆ ಅಂದರೂ ಆರು ತಿಂಗಳು. ಒಂದು ವರ್ಷ ಬಿಟ್ಟರೆ ಇನ್ನೂ ಒಳ್ಳೇದು. ಆಮೇಲೆ ಮುಟ್ಟು ನಿಂತ ಕೂಡಲೇ ಇಲ್ಲಿಗೆ ಬಂದು ಸ್ಕ್ಯಾನ್ ಮಾಡಿಸಬೇಕು. ಇದು ಮತ್ತೆ ಅಲ್ಲೇ ಕೂರೋ ಸಾಧ್ಯತೆ ಇರುತ್ತೆ. ಅಲ್ಲಿಯವರೆಗೆ ಬಸಿರಾಗದ ಹಾಗೆ ನೋಡಿಕೊಳ್ಳಬೇಕು. ಮೂರು ತಿಂಗಳಿಗೊಂದು ಇಂಜೆಕ್ಷನ್ ಇದೆ, ಬೇಕಾದರೆ ಇವತ್ತೇ ಹಾಕಿಸಿಕೊಳ್ಳಬಹುದು."

ಕೆಂಪರಾಜು ಅವ್ವನ ಮುಖ ನೋಡಿದ. ಅವ್ವ ಮಗನ ಮುಖ ನೋಡಿದಳು. "ಮನೇಲಿ ಮಾತಾಡ್ಕಂಡು ಮುಂದಿನ ವಾರ ಹೇಳ್ತೀವಿ ಮೇಡಂ," ಅಂದ ಕೆಂಪರಾಜು.

ಅಷ್ಟು ಹೊತ್ತಿಗೆ ಲತಾಮಣಿ ಪಕ್ಕದ ಕೋಣೆಯ ಸ್ಟೂಲಿನ ಮೇಲೆ ಕೂತು ರವಿಕೆಯ ತೋಳು ಮೇಲೆತ್ತಿಕೊಂಡಿದ್ದಳು. ಖುರ್ಷಿದಾ ಸಿರಿಂಜು ಕೈಯಲ್ಲಿ ಹಿಡಿದು ಬಾಗಿಲ ಕಡೆ ನೋಡಿದಳು. "ಮನೆಯವರು ಮುಂದಿನ ವಾರ ಅಂತಿದ್ದಾರಲ್ಲಮ್ಮ. ಅವರನ್ನೊಂದು ಮಾತು ಕೇಳಲಾ?"

"ಹೋದ ಸಲ ಅವರನ್ನೇ ಕೇಳಿದ್ರು ಅಕ್ಕ," ಅಂದಳು ಲತಾಮಣಿ. ಹೊರಗೆ ನಿಂತಿದ್ದ ಇಬ್ಬರಿಗೂ ಕೇಳುವಷ್ಟು ಜೋರಾಗಿಯೇ ಅಂದಳು. "ಈ ಸಲ ನನ್ನ ಕೇಳಿ."

ಖುರ್ಷಿದಾ ಬಾಗಿಲಿಗೆ ಬೆನ್ನು ಮಾಡಿ ನಿಂತು ಕೇಳಿದಳು:

"ಲತಾಮಣಿ, ಹಾಕಲಾ?"

"ಹಾಕಿ."